ಮೊಡವೆ ಮುಖಕ್ಕೆ ಮನೆ ಸೋಪು: ಬೇವಿನ ಲೆಕ್ಕಕ್ಕಿಂತ ಕಾಸ್ಟಿಕ್ ಲೆಕ್ಕ ಮುಖ್ಯ

ಪ್ರಶ್ನೆ: ನಮ್ಮದು ಕುಮಟಾ ಹತ್ತಿರದ ಹಳ್ಳಿ. ಮಗಳಿಗೆ 19 ವರ್ಷ, ಕಾಲೇಜಿಗೆ ಹೋಗುತ್ತಾಳೆ. ಎರಡು ವರ್ಷದಿಂದ ಮುಖದ ತುಂಬಾ ಮೊಡವೆ, ಒಣಗಿದ ಕಡೆಯೆಲ್ಲ ಕಪ್ಪು ಕಲೆ. ಅಂಗಡಿ ಸೋಪು ಹಾಕಿ ತೊಳೆದರೆ ಚರ್ಮ ಬಿಗಿಯುತ್ತದೆ ಅನ್ನುತ್ತಾಳೆ. ಕಳೆದ ಮಳೆಗಾಲದಲ್ಲಿ ಸೋಪ್ ಬೇಸ್ (ಕರಗಿಸಿ ಅಚ್ಚಿಗೆ ಹೊಯ್ಯುವ ಸಿದ್ಧ ಸೋಪಿನ ಗಟ್ಟಿ) ತರಿಸಿ, ಹಸಿ ಬೇವಿನ ಸೊಪ್ಪು ಮತ್ತು ಅರಿಶಿನ ರುಬ್ಬಿ ಹಾಕಿ ಸೋಪು ಮಾಡಿದೆ. ಅದು ಬೆವರಿತು, ಆಮೇಲೆ ಬೂಸ್ಟು ಬಂತು. ಮನೆಯಲ್ಲಿ ಗಾಣದ ತೆಂಗಿನೆಣ್ಣೆ ಬೇಕಾದಷ್ಟಿದೆ. ಅದರಿಂದಲೇ ಮುಖಕ್ಕೆ ಸೋಪು ಮಾಡಬಹುದಾ? ಕಾಸ್ಟಿಕ್ ಸೋಡಾ ಇಲ್ಲದೆ ಆಗುತ್ತದಾ? ಲಿಂಬೆ ರಸ ಹಾಕಿದರೆ ಕಲೆ ಹೋಗುತ್ತದಾ? ಚೆನ್ನಾಗಿ ಬಂದರೆ ನಾಲ್ಕು ಜನರಿಗೆ ಮಾರುವ ಯೋಚನೆಯೂ ಇದೆ.

ಉತ್ತರ: ಮುಖದ ಸೋಪನ್ನು ಮನೆಯಲ್ಲಿ ಮಾಡಬಹುದು, ಚೆನ್ನಾಗಿಯೂ ಬರುತ್ತದೆ. ತೆಂಗಿನೆಣ್ಣೆ ಬೇಕು, ಆದರೆ ಅದೊಂದನ್ನೇ ಹಾಕಿದರೆ ಈಗಿನ ಅಂಗಡಿ ಸೋಪಿಗಿಂತ ಜಾಸ್ತಿ ಬಿಗಿಯುತ್ತದೆ. ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಅನ್ನುವ ಸುಡುವ ಕ್ಷಾರ, ಇಲ್ಲದೆ ಸೋಪು ಆಗುವುದಿಲ್ಲ. ಲಿಂಬೆ ರಸ ಬೇಡ. ಇನ್ನೊಂದು ಮಾತಿದೆ, ಕೇಳಿ ನಿಮಗೆ ಬೇಸರ ಆಗಬಹುದು. ಬೇವು, ಅರಿಶಿನ, ಚಂದನ ಎಷ್ಟೇ ಸುರಿದರೂ ಸೋಪಿನಿಂದ ಮೊಡವೆ ವಾಸಿಯಾಗುವುದಿಲ್ಲ.

ಸೋಪು ಮುಖದ ಮೇಲೆ ಇರುವುದೇ ಅರ್ಧ ನಿಮಿಷ. ಅಷ್ಟರಲ್ಲಿ ಅದು ಬೆವರು, ಜಿಡ್ಡು, ದೂಳು ಎತ್ತಿಕೊಂಡು ನೀರಿನ ಜೊತೆ ಹೋಗುತ್ತದೆ. ಅದರಲ್ಲಿ ಹಾಕಿದ ಔಷಧಿಯೂ ಬಚ್ಚಲಿಗೇ ಹೋಗುತ್ತದೆ. ಮೊಡವೆ ಹುಟ್ಟುವುದು ರೋಮದ ಬುಡದ ಒಳಗೆ. ಅಲ್ಲಿ ಜಿಡ್ಡು ಕಟ್ಟಿಕೊಂಡು, ಸತ್ತ ಚರ್ಮ ಬಾಯಿ ಮುಚ್ಚಿ, ಒಳಗೆ ಉರಿ ಏಳುತ್ತದೆ. ಮೇಲಿಂದ ಉಜ್ಜಿದ್ದು ಅಲ್ಲಿಗೆ ತಲುಪುವುದೇ ಕಷ್ಟ. ಹಾಗಾಗಿ ಮೊಡವೆ ಮುಖದ ಸೋಪಿನಿಂದ ನಾವು ಕೇಳಬೇಕಾದದ್ದು ಒಂದೇ: ಕೊಳೆ ತೆಗೆ, ಚರ್ಮಕ್ಕೆ ತೊಂದರೆ ಕೊಡಬೇಡ. ಚರ್ಮ ಒಣಗಿ ಬಿರಿದರೆ, ಕೆರಳಿದರೆ ಮೊಡವೆಯೂ ಹೆಚ್ಚುತ್ತದೆ, ಹಚ್ಚುವ ಔಷಧಿಯೂ ಉರಿಯುತ್ತದೆ.

ಮನೆ ಸೋಪಿಗೂ ಒಂದು ಮಿತಿ ಇದೆ. ಪಿಎಚ್ ಅಂದರೆ ಹುಳಿ, ಕ್ಷಾರದ ಅಳತೆ, 7 ಅದರ ಮಧ್ಯ. ನಮ್ಮ ಚರ್ಮದ ಪಿಎಚ್ ಸುಮಾರು 5ರ ಆಸುಪಾಸು, ಅಂದರೆ ಸ್ವಲ್ಪ ಹುಳಿ. ಎಣ್ಣೆ ಮತ್ತು ಕಾಸ್ಟಿಕ್‌ನಿಂದ ಮಾಡಿದ ಯಾವ ಸೋಪಾದರೂ 9ರಿಂದ 10, ಅಂದರೆ ಕ್ಷಾರ. ಇದನ್ನು ಹುಳಿ ಹಾಕಿ 5.5ಕ್ಕೆ ಇಳಿಸಲು ಬರುವುದಿಲ್ಲ, ಇಳಿಸಿದರೆ ಸೋಪು ಒಡೆದು ಮತ್ತೆ ಜಿಡ್ಡಿನ ಆಮ್ಲವಾಗುತ್ತದೆ. 'ಪಿಎಚ್ 5.5 ಇರುವ ಕೈಯಲ್ಲಿ ಮಾಡಿದ ಸೋಪು' ಅಂತ ಯಾರಾದರೂ ಮಾರಿದರೆ, ಒಂದೋ ಅದು ಸೋಪಲ್ಲ, ಇಲ್ಲಾ ಆ ಸಂಖ್ಯೆ ಸುಳ್ಳು. ಮೆಡಿಕಲ್ ಅಂಗಡಿಯಲ್ಲಿ ಸಿಂಡೆಟ್ ಬಾರ್, ಸೋಪ್ ಇಲ್ಲದ ಫೇಸ್‌ವಾಶ್ ಅಂತ ಸಿಗುತ್ತವಲ್ಲ, ಅವುಗಳ ಪಿಎಚ್ ಚರ್ಮಕ್ಕೆ ಹತ್ತಿರ. ಮಗಳ ಮುಖದಲ್ಲಿ ಕೆಂಪು, ನೋಯುವ ಗುಳ್ಳೆಗಳು ಜಾಸ್ತಿ ಇದ್ದರೆ ಸದ್ಯಕ್ಕೆ ಅದನ್ನೇ ಬಳಸಲಿ. ನಿಮ್ಮ ಸೋಪನ್ನು ಮೈಗೆ ಹಾಕಿಕೊಳ್ಳಲಿ. ಸಣ್ಣಪುಟ್ಟ ಮೊಡವೆ, ಜಿಡ್ಡು ಮುಖವಾದರೆ ಸೌಮ್ಯವಾಗಿ ಮಾಡಿದ ಮನೆ ಸೋಪು ಸಾಕು.

ಈಗ ಕಾಸ್ಟಿಕ್ ವಿಷಯ. 'ಕೆಮಿಕಲ್ ಇಲ್ಲದ ಸೋಪು' ಅನ್ನುವ ಮಾತನ್ನು ನಂಬಬೇಡಿ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿದಾಗ ಎರಡೂ ತಮ್ಮ ಮೊದಲಿನ ರೂಪ ಬಿಟ್ಟು ಸೋಪು ಮತ್ತು ಗ್ಲಿಸರಿನ್ ಆಗುತ್ತವೆ. ಲೆಕ್ಕ ಸರಿಯಿದ್ದರೆ ಕೊನೆಗೆ ಕಾಸ್ಟಿಕ್ ಉಳಿಯುವುದೇ ಇಲ್ಲ. ನೀವು ತರಿಸಿದ ಸೋಪ್ ಬೇಸ್ ಕೂಡ ಹಾಗೇ ಆದದ್ದು, ಆ ಕೆಲಸವನ್ನು ಫ್ಯಾಕ್ಟರಿಯಲ್ಲಿ ಮುಗಿಸಿ ಕಳಿಸಿದ್ದಾರೆ ಅಷ್ಟೆ. ನಮ್ಮ ಜಿಲ್ಲೆಯಲ್ಲಂತೂ ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ತಯಾರಿಸುವ ಕಾರ್ಖಾನೆಯೇ ಇದೆ, ಅಪರೂಪದ ವಸ್ತು ಏನಲ್ಲ. ಅಡಿಕೆ ತೋಟ ಇರುವವರಿಗೆ ಇದನ್ನು ಹೇಳಿಕೊಡುವುದು ಸುಲಭ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಮತ್ತು ಸುಣ್ಣ ಸರಿಸಮ ಕೂಡಬೇಕು, ಹೆಚ್ಚುಕಡಿಮೆ ಆದರೆ ಎಳೆ ಕಾಯಿ ಸುಡುತ್ತದೆ ಅಂತ ಚಾಕು ಅದ್ದಿ ನೋಡುತ್ತಾರಲ್ವಾ? ಸೋಪೂ ಹಾಗೇ. ಇಲ್ಲಿ ಸುಡುವುದು ಮುಖ. ಅದಕ್ಕೇ ಲೋಟ, ಚಮಚದ ಅಳತೆ ನಡೆಯುವುದಿಲ್ಲ. ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕೇ ಬೇಕು. ಎಣ್ಣೆಯನ್ನೂ ತೂಕ ಮಾಡಬೇಕು, ಲೀಟರಿನಲ್ಲಿ ಅಳೆಯಬಾರದು.

ಕರಾವಳಿಯವರು ಇನ್ನೊಂದು ಗಮನಿಸಬೇಕು. ಕಾಸ್ಟಿಕ್ ಹರಳು ಗಾಳಿಯ ತೇವ ಕುಡಿಯುತ್ತದೆ. ಡಬ್ಬಿ ಮುಚ್ಚಳ ಸಡಿಲ ಇದ್ದರೆ ನಮ್ಮ ಕಡೆಯ ಹವೆಗೆ ಕೆಲವೇ ದಿನದಲ್ಲಿ ಒದ್ದೆಯಾಗಿ ಅಂಟಿಕೊಳ್ಳುತ್ತದೆ, ನಿಧಾನಕ್ಕೆ ವಾಷಿಂಗ್ ಸೋಡಾ ಆಗಿಬಿಡುತ್ತದೆ. ಆಗ ನೀವು 70 ಗ್ರಾಂ ತೂಗಿದರೂ ಅದರಲ್ಲಿ ಅಷ್ಟು ಕಾಸ್ಟಿಕ್ ಇರುವುದಿಲ್ಲ. ಸೋಪು ಮೆತ್ತಗೆ, ಜಿಡ್ಡುಜಿಡ್ಡಾಗಿ ಉಳಿಯುತ್ತದೆ. ಹೊಸ ಪ್ಯಾಕೆಟ್, ಒಣ ಹರಳು, ಶುದ್ಧತೆ 98% ಅಥವಾ ಮೇಲೆ ಇರುವುದನ್ನೇ ತನ್ನಿ. ಬಚ್ಚಲ ಪೈಪಿನ ಕಸ ತೆಗೆಯುವ ಪುಡಿ ಬೇಡ, ಅದರಲ್ಲಿ ಬೇರೆ ಏನೇನೋ ಇರುತ್ತದೆ. ಡಬ್ಬಿ ಮೇಲೆ ದೊಡ್ಡದಾಗಿ 'ವಿಷ, ಮುಟ್ಟಬೇಡಿ' ಅಂತ ಕನ್ನಡದಲ್ಲೇ ಬರೆದು ಎತ್ತರದಲ್ಲಿಡಿ. ನೋಡಲು ಉಪ್ಪು, ಸಕ್ಕರೆ ಹಾಗೇ ಕಾಣುತ್ತದೆ.

ನಿಮ್ಮ ಹಿಂದಿನ ಸೋಪು ಯಾಕೆ ಕೆಟ್ಟಿತು ಅಂತಲೂ ಹೇಳಿಬಿಡುತ್ತೇನೆ. ಬೆವರಿದ್ದು ಕೆಟ್ಟದ್ದಲ್ಲ. ಸೋಪ್ ಬೇಸ್‌ನಲ್ಲಿ ಗ್ಲಿಸರಿನ್ ಜಾಸ್ತಿ. ಗ್ಲಿಸರಿನ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಹಾಸಿದ ಬೆಡ್‌ಶೀಟೇ ತಣ್ಣಗೆ ಒದ್ದೆ ಇರುತ್ತದೆ, ಇನ್ನು ಸೋಪು ಬೆವರದೆ ಇರುತ್ತದಾ? ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ಆಯಿತು. ಆದರೆ ಬೂಸ್ಟು ಬಂದದ್ದು ರುಬ್ಬಿದ ಹಸಿ ಸೊಪ್ಪಿನಿಂದ. ಹಸಿ ಸೊಪ್ಪು ಅಂದರೆ ನೀರು ಮತ್ತು ಬೂಸ್ಟಿಗೆ ಊಟ. ಬೂಸ್ಟು ಬಂದ ಸೋಪನ್ನು ಮೇಲಿಂದ ಕೆರೆದು ಮತ್ತೆ ಬಳಸಬೇಡಿ. ಹಸಿ ಸೊಪ್ಪು, ಹಾಲು, ಸೌತೆ ರಸ, ಲೋಳೆಸರ, ಇದ್ಯಾವುದನ್ನೂ ಸೋಪ್ ಬೇಸ್‌ಗೆ ಸೇರಿಸಬಾರದು.

ಇನ್ನು ಎಣ್ಣೆ. ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ. ಅದರ ಸೋಪು ಗಟ್ಟಿ, ನೊರೆ ಬುರುಬುರು, ಜಿಡ್ಡನ್ನಂತೂ ಉಳಿಸುವುದೇ ಇಲ್ಲ. ಬಟ್ಟೆಗೆ, ಪಾತ್ರೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಮುಖಕ್ಕೆ ಆ ಗುಣವೇ ದೋಷ. ಚರ್ಮಕ್ಕೆ ಬೇಕಾದ ಜಿಡ್ಡನ್ನೂ ಎತ್ತಿಕೊಂಡು ಹೋಗುತ್ತದೆ, ತೊಳೆದು ಐದು ನಿಮಿಷಕ್ಕೆ ಕೆನ್ನೆ ಬಿಗಿಯುತ್ತದೆ. ಮಗಳು ಹೇಳುತ್ತಿರುವುದು ಇದನ್ನೇ. ಅದಕ್ಕೇ ಮುಖದ ಸೋಪಿನಲ್ಲಿ ತೆಂಗಿನೆಣ್ಣೆ 30% ದಾಟದಿರಲಿ. ಉಳಿದದ್ದಕ್ಕೆ ಓಲೀಕ್ ಆಮ್ಲ ಜಾಸ್ತಿ ಇರುವ ಆಲಿವ್ ಎಣ್ಣೆ. ಅಡುಗೆಗೆ ಮಾರುವ ಅಗ್ಗದ ಪೋಮೇಸ್ ದರ್ಜೆ ಸಾಕು, ಎಕ್ಸ್‌ಟ್ರಾ ವರ್ಜಿನ್ ತಂದರೆ ಸುಮ್ನೆ ದುಡ್ಡು ದಂಡ. ನೊರೆ ನಿಲ್ಲಲು ಸ್ವಲ್ಪ ಹರಳೆಣ್ಣೆ. ಗಟ್ಟಿ ಬರಲು ನಮ್ಮದೇ ಮುರುಗಲು ತುಪ್ಪ.

ಮುರುಗಲು ಬೀಜದ ಈ ತುಪ್ಪದ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು, ಯಾಕೆಂದರೆ ಹೊರಗಿನವರು ಕೋಕಂ ಬಟರ್ ಅಂತ ದುಬಾರಿ ಬೆಲೆಗೆ ತರಿಸಿಕೊಳ್ಳುವುದು ನಮ್ಮ ಅಟ್ಟದಲ್ಲಿ ಬಿದ್ದಿರುತ್ತದೆ. ಸಿಪ್ಪೆಯನ್ನು ಹುಳಿಗೆ ಒಣಗಿಸಿ, ಬೀಜ ಕುಟ್ಟಿ ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಮಾಡುವ ಬಿಳಿ ಗಟ್ಟಿ ಉಂಡೆ. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಹಚ್ಚುತ್ತೇವಲ್ಲ, ಅದೇ. ಸುಮಾರು 38ರಿಂದ 40 ಡಿಗ್ರಿಗೆ ಕರಗುತ್ತದೆ. ಸ್ಟಿಯರಿಕ್ ಆಮ್ಲ ಜಾಸ್ತಿ ಇರುವುದರಿಂದ ಸೋಪಿಗೆ ಗಟ್ಟಿತನ ಬರುತ್ತದೆ, ಆದರೆ ತೆಂಗಿನೆಣ್ಣೆಯ ಹಾಗೆ ಚರ್ಮ ಒಣಗಿಸುವುದಿಲ್ಲ. ಮನೆಯಲ್ಲಿ ತೆಗೆದ ತುಪ್ಪದಲ್ಲಿ ನೀರು, ಬೀಜದ ಚೂರು ಉಳಿದಿರುತ್ತದೆ. ಸಣ್ಣ ಉರಿಯಲ್ಲಿ ಚಟಪಟ ಸದ್ದು ನಿಲ್ಲುವ ತನಕ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ತೂಗಿ. ಇಲ್ಲದಿದ್ದರೆ ನೀರನ್ನೂ ತುಪ್ಪ ಅಂತ ಲೆಕ್ಕ ಹಿಡಿದ ಹಾಗಾಗುತ್ತದೆ. ಶಿರಸಿ, ಸಿದ್ದಾಪುರ ಕಡೆ ಉಪ್ಪಾಗೆ ಬೀಜದ ತುಪ್ಪ ಸಿಗುತ್ತದೆ, ಅದನ್ನು ಇದರ ಬದಲಿಗೆ ಅಂದಾಜಿನಲ್ಲಿ ಹಾಕಬೇಡಿ. ಪ್ರತಿ ಎಣ್ಣೆಗೂ ಕಾಸ್ಟಿಕ್ ಲೆಕ್ಕ ಬೇರೆ.

ಲೆಕ್ಕ ಹೀಗಿದೆ. ಒಟ್ಟು ಎಣ್ಣೆ 500 ಗ್ರಾಂ. ಅದರಲ್ಲಿ ತೆಂಗಿನೆಣ್ಣೆ 150, ಆಲಿವ್ 225, ಮುರುಗಲು ತುಪ್ಪ 75, ಹರಳೆಣ್ಣೆ 50. ಒಂದು ಗ್ರಾಂ ತೆಂಗಿನೆಣ್ಣೆ ಸೋಪಾಗಲು 0.183 ಗ್ರಾಂ ಕಾಸ್ಟಿಕ್ ಬೇಕು. ಆಲಿವ್‌ಗೆ 0.134, ಮುರುಗಲು ತುಪ್ಪಕ್ಕೆ 0.135, ಹರಳೆಣ್ಣೆಗೆ 0.128. ಗುಣಿಸಿ ಕೂಡಿದರೆ 74 ಗ್ರಾಂ ಚಿಲ್ಲರೆ ಬರುತ್ತದೆ. ಅಷ್ಟನ್ನೂ ಹಾಕಬಾರದು. ಸುಮಾರು 6% ಕಡಿಮೆ ಮಾಡಿ 70 ಗ್ರಾಂ ಹಾಕಿ. ಆಗ ಸ್ವಲ್ಪ ಎಣ್ಣೆ ಸೋಪಾಗದೆ ಉಳಿಯುತ್ತದೆ, ಮುಖ ಬಿಗಿಯುವುದಿಲ್ಲ, ತೂಕದಲ್ಲಿ ಒಂದೆರಡು ಗ್ರಾಂ ಆಚೀಚೆ ಆದರೂ ಕಾಸ್ಟಿಕ್ ಉಳಿಯುವ ಭಯ ಇಲ್ಲ. ಮೊಡವೆ ಚರ್ಮಕ್ಕೆ ಇದಕ್ಕಿಂತ ಜಾಸ್ತಿ ಎಣ್ಣೆ ಬಿಡುವುದು ಬೇಡ.

ನೀರು 150 ಗ್ರಾಂ ಸಾಕು. ಪುಸ್ತಕಗಳಲ್ಲಿ ಇನ್ನೂ ಜಾಸ್ತಿ ಹೇಳಿರುತ್ತಾರೆ, ನಮ್ಮ ಹವೆಯಲ್ಲಿ ಅದು ಒಣಗಲು ಯುಗ ಬೇಕು. ಬಾವಿ ನೀರು ಹಾಕಬೇಡಿ. ಕೆಂಪು ಕಲ್ಲಿನ ನೆಲದ ಬಾವಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ, ಸಮುದ್ರ ಹತ್ತಿರದ ಬಾವಿ ಬೇಸಿಗೆಗೆ ಸವುಳಾಗುತ್ತದೆ. ಕಬ್ಬಿಣ ಇದ್ದರೆ ಸೋಪಿನ ಎಣ್ಣೆ ಬೇಗ ಕಮಟುತ್ತದೆ, ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಏಳುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಸೋಪು ಗಟ್ಟಿಯಾಗಲಿ ಅಂತ ಆ ನೀರಿಗೆ ಮೊದಲೇ ಒಂದು ಟೀ ಚಮಚ ಉಪ್ಪು ಕರಗಿಸಬಹುದು. ಇದಕ್ಕೆ ಮಾತ್ರ ಪ್ಯಾಕೆಟ್‌ನ ಪುಡಿ ಉಪ್ಪು. ಗೋಕರ್ಣ ಹತ್ತಿರದ ಗದ್ದೆಗಳಲ್ಲಿ ತೆಗೆಯುವ ಸಾಣಿಕಟ್ಟಾ ಉಪ್ಪು ಊಟಕ್ಕೆ ಎಷ್ಟು ರುಚಿಯೋ ಇಲ್ಲಿ ಅಷ್ಟೇ ತೊಂದರೆ. ಅದರಲ್ಲಿರುವ ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಅಂಟು ಕಟ್ಟುತ್ತದೆ, ತೇವವನ್ನೂ ಎಳೆಯುತ್ತದೆ.

ಮಾಡುವಾಗ ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ತೋಳು ತುಂಬಿದ ಬಟ್ಟೆ. ಮಕ್ಕಳು, ಬೆಕ್ಕು ಆ ಕಡೆ ಬರದ ಹೊತ್ತು ನೋಡಿಕೊಳ್ಳಿ. ಪಾತ್ರೆ ಸ್ಟೀಲಿನದು. ಅಲ್ಯೂಮಿನಿಯಂ ಮುಟ್ಟಿಸಲೇಬೇಡಿ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಗ್ಯಾಸ್ ಬಿಡುತ್ತದೆ. ಗಾಜಿನ ಪಾತ್ರೆಯೂ ಬೇಡ, ಶಾಖಕ್ಕೆ ಸೀಳಬಹುದು. ಜಗುಲಿಯಲ್ಲೋ ಅಂಗಳದಲ್ಲೋ ನಿಂತು, ತಣ್ಣೀರಿಗೆ ಕಾಸ್ಟಿಕ್ ಅನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಕಿ. ಕಾಸ್ಟಿಕ್ ಮೇಲೆ ನೀರು ಹೊಯ್ಯುವುದು ಯಾವತ್ತೂ ಇಲ್ಲ, ಹಾಗೆ ಮಾಡಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಒಲೆ ಇಲ್ಲದೆಯೇ ನೀರು 80 ಡಿಗ್ರಿ ದಾಟುತ್ತದೆ, ಹಬೆ ಮೂಗಿಗೆ ಹೊಡೆಯುತ್ತದೆ, ಬಗ್ಗಿ ನೋಡಬೇಡಿ. ಕೈಗೆ ಹನಿ ಬಿದ್ದರೆ ಹುಳಿ, ವಿನೆಗರ್ ಹಚ್ಚಲು ಹೋಗಬೇಡಿ. ಹರಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೆ ಅಷ್ಟೇ ಹೊತ್ತು ತೊಳೆದು ಸೀದಾ ಆಸ್ಪತ್ರೆಗೆ.

ಎಣ್ಣೆಗಳನ್ನೆಲ್ಲ ಕರಗಿಸಿ ಕೂಡಿಸಿ. ಎಣ್ಣೆ ಮತ್ತು ಕಾಸ್ಟಿಕ್ ನೀರು ಎರಡೂ 45 ಡಿಗ್ರಿಯ ಹತ್ತಿರ ಬಂದಾಗ ಸೇರಿಸಿ. ಅದಕ್ಕಿಂತ ತಣ್ಣಗಿದ್ದರೆ ಮುರುಗಲು ತುಪ್ಪ ಹೆಪ್ಪುಗಟ್ಟಿ, ಸೋಪು ಆಯಿತೇನೋ ಅನ್ನುವ ಹಾಗೆ ದಪ್ಪಗಾಗುತ್ತದೆ, ಒಳಗೆ ಏನೂ ಆಗಿರುವುದಿಲ್ಲ. ಘಟ್ಟದ ಮೇಲಿನವರು ಡಿಸೆಂಬರ್ ಬೆಳಿಗ್ಗೆ ಮಾಡುವುದಾದರೆ ಇದನ್ನು ಇನ್ನೂ ಜಾಸ್ತಿ ನೋಡಿಕೊಳ್ಳಬೇಕು. ಹ್ಯಾಂಡ್ ಬ್ಲೆಂಡರ್ ಇದ್ದರೆ ಕೆಲವೇ ನಿಮಿಷದ ಕೆಲಸ, ಬಿಟ್ಟು ಬಿಟ್ಟು ತಿರುಗಿಸಿ. ಮಿಕ್ಸಿ ಜಾರ್ ಬೇಡ. ಮರದ ಕಡಗೋಲು ಬೇಡ, ಕಾಸ್ಟಿಕ್‌ಗೆ ನಾರು ಬಿಡುತ್ತದೆ. ಚಮಚದಿಂದ ಮೇಲೆ ಗೆರೆ ಎಳೆದರೆ ಆ ಗೆರೆ ಒಂದು ಕ್ಷಣ ನಿಂತು ಆಮೇಲೆ ಮುಳುಗಬೇಕು, ಅದೇ ಹದ. ಬಟರ್ ಪೇಪರ್ ಹಾಸಿದ ಪ್ಲಾಸ್ಟಿಕ್ ಡಬ್ಬಿಗೆ ಸುರಿಯಿರಿ. ಒಂದೆರಡು ದಿನ ಬಿಟ್ಟು ಗ್ಲೌಸ್ ಹಾಕಿಕೊಂಡೇ ಕತ್ತರಿಸಿ. ಏಳೆಂಟು ಬಿಲ್ಲೆ ಬರುತ್ತವೆ. ಮೇಲೆ ಬಿಳಿ ಪುಡಿ ಕಂಡರೆ ಹೆದರಬೇಡಿ, ಕೆರೆದು ತೆಗೆಯಿರಿ. ಆದರೆ ಎಣ್ಣೆ ಒಂದು ಕಡೆ, ನೀರು ಒಂದು ಕಡೆ ಬೇರೆಯಾಗಿದ್ದರೆ, ಒಳಗೆ ಹರಳು ಕಂಡರೆ, ಅದು ಮುಖಕ್ಕಲ್ಲ, ಯಾವುದಕ್ಕೂ ಅಲ್ಲ.

ಆಮೇಲೆ ಕಾಯಬೇಕು. ನಾಲ್ಕರಿಂದ ಆರು ವಾರ. ಕಾಸ್ಟಿಕ್ ಮೊದಲ ಒಂದೆರಡು ದಿನದಲ್ಲೇ ಮುಗಿದಿರುತ್ತದೆ, ಈ ಕಾಯುವಿಕೆ ನೀರು ಆರಿ ಸೋಪು ಸೌಮ್ಯವಾಗಲಿ ಅಂತ. ಆಲಿವ್ ಜಾಸ್ತಿ ಇರುವ ಸೋಪು ಎರಡು ತಿಂಗಳಾದರೆ ಇನ್ನೂ ಚೆನ್ನ. ನೆರಳು ಮತ್ತು ಗಾಳಿ ಬೇಕು, ಬಿಸಿಲು ಬೇಡ. ಬಿಸಿಲಿಗೆ ಅಡಿಕೆ ಒಣಗುತ್ತದೆ, ಸೋಪು ಕಮಟುತ್ತದೆ. ಅಡುಗೆ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆ ವಾಸನೆ ಹಿಡಿಯುತ್ತದೆ. ಬಿಡಿಬಿಡಿಯಾಗಿ ಜೋಡಿಸಿ, ವಾರಕ್ಕೊಮ್ಮೆ ಮಗುಚಿ ಹಾಕಿ. ಇದೆಲ್ಲ ಮಳೆಗಾಲದಲ್ಲಿ ಆಗುವ ಕೆಲಸ ಅಲ್ಲ. ನವೆಂಬರ್‌ನಿಂದ ಮಾರ್ಚ್ ಒಳಗೆ ವರ್ಷಕ್ಕೆ ಬೇಕಾದಷ್ಟು ಮಾಡಿ, ಪೂರ್ತಿ ಒಣಗಿದ ಮೇಲೆ ಕಾಗದ ಸುತ್ತಿ ಮುಚ್ಚಳದ ಡಬ್ಬಿಗೆ ಹಾಕಿಡಿ. ಬಳಸುವ ಮೊದಲು ಒದ್ದೆ ಸೋಪಿಗೆ ಪಿಎಚ್ ಪಟ್ಟಿ ತಾಗಿಸಿ. 9ರಿಂದ 10 ಇರಬೇಕು. 11ರ ಮೇಲೆ ತೋರಿಸಿದರೆ ಮುಖದ ಹತ್ತಿರ ತರಬೇಡಿ.

ಈಗ ಎಲ್ಲರೂ ಕೇಳುವ ಬೇವು, ಅರಿಶಿನ, ಲಿಂಬೆ.

ಲಿಂಬೆ ರಸ ಕಾಸ್ಟಿಕ್ ಜೊತೆ ಸೇರಿದ ಕೂಡಲೇ ಅದರ ಹುಳಿ ಸತ್ತು ಸೋಡಿಯಂ ಸಿಟ್ರೇಟ್ ಆಗುತ್ತದೆ. ಸೋಪಿನಲ್ಲಿ ಲಿಂಬೆ ಅನ್ನುವುದು ಹೆಸರಿಗೆ ಮಾತ್ರ. ಮೇಲಾಗಿ ಅದು ಕಾಸ್ಟಿಕ್ ತಿಂದು ನಿಮ್ಮ 70 ಗ್ರಾಂ ಲೆಕ್ಕ ತಪ್ಪಿಸುತ್ತದೆ. ಸೋಪು ಬಿಟ್ಟು ನೇರವಾಗಿ ಮುಖಕ್ಕೆ ಉಜ್ಜುವವರೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು. ಲಿಂಬೆ ಜಾತಿಯ ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಪಟ್ಟೆ ಬೀಳುತ್ತದೆ, ತಿಂಗಳುಗಟ್ಟಲೆ ಹೋಗುವುದಿಲ್ಲ. ಕಲೆ ತೆಗೆಯಲು ಹೋಗಿ ಹೊಸ ಕಲೆ ತಂದುಕೊಂಡ ಹಾಗೆ.

ಅರಿಶಿನಕ್ಕೆ ಸುಣ್ಣ ಹಾಕಿ ಆರತಿಯ ಓಕುಳಿ ಮಾಡುತ್ತೀರಲ್ಲ, ಯಾವ ಬಣ್ಣ ಬರುತ್ತದೆ? ಸೋಪಿನಲ್ಲೂ ಹಾಗೇ ಕೆಂಪಾಗುತ್ತದೆ, ದಿನ ಹೋದ ಹಾಗೆ ಕಂದು ಹಳದಿಗೆ ತಿರುಗಿ ಮಾಸುತ್ತದೆ. ಕ್ಷಾರದಲ್ಲಿ ಅರಿಶಿನದ ಸಾರ ಉಳಿಯುವುದಿಲ್ಲ. ಬಣ್ಣಕ್ಕೆ ಬೇಕಾದರೆ ಅರ್ಧ ಚಮಚ ಹಾಕಿ, ಟವೆಲ್‌ಗೆ ಹತ್ತಿದರೆ ನನ್ನನ್ನು ಬೈಯಬೇಡಿ.

ಬೇವಿನೆಣ್ಣೆ ಹಾಕಲೇಬೇಕು ಅಂತಿದ್ದರೆ ಆಲಿವ್‌ನಲ್ಲಿ 25 ಗ್ರಾಂ ಕಡಿಮೆ ಮಾಡಿ ಅಷ್ಟೇ ಬೇವಿನೆಣ್ಣೆ ಹಾಕಿ, ಕಾಸ್ಟಿಕ್ 70 ಗ್ರಾಂ ಹಾಗೇ ಇರಲಿ. ಅದಕ್ಕಿಂತ ಜಾಸ್ತಿಯಾದರೆ ಕಾಲೇಜಿಗೆ ಹೋಗುವ ಹುಡುಗಿ ಆ ವಾಸನೆಗೆ ಸೋಪನ್ನೇ ಮುಟ್ಟುವುದಿಲ್ಲ. ಒಂದು ಎಚ್ಚರಿಕೆ: ತೋಟಕ್ಕೆ ಹೊಡೆಯಲು ತಂದ ಬೇವಿನೆಣ್ಣೆ ಬೇಡ. ಅದು ನೀರಿನಲ್ಲಿ ಕರಗಲಿ ಅಂತ ಬೇರೆ ವಸ್ತು ಸೇರಿಸಿರುತ್ತಾರೆ. ಶುದ್ಧ, ಹಿಂಡಿದ ಎಣ್ಣೆಯೇ ಆಗಬೇಕು.

ಕಾಫಿ ಪುಡಿ, ಅಕ್ಕಿ ತರಿ, ಒಣ ಕಿತ್ತಳೆ ಸಿಪ್ಪೆ ಹಾಕಿ ಉಜ್ಜುವ ಸೋಪು ಮೊಡವೆ ಮುಖಕ್ಕೆ ಶತ್ರು. ಗೋಡೆಗೆ ಬಳಿಯುವ ಶೇಡಿ ಮಣ್ಣು, ಹೊಲದ ಮಣ್ಣು ತಂದು ಹಾಕಬೇಡಿ, ಒಡೆದ ಗುಳ್ಳೆ ಇರುವ ಮುಖಕ್ಕೆ ಮಣ್ಣಿನ ರೋಗಾಣು ಬೇಡ. ಮುಲ್ತಾನಿ ಮಿಟ್ಟಿ ಒಂದು ಟೀ ಚಮಚ ಪರವಾಗಿಲ್ಲ. ಪರಿಮಳದ ಎಣ್ಣೆ ಯಾವುದೂ ಬೇಡ ಅನ್ನುತ್ತೇನೆ. ಟೀ ಟ್ರೀ ಎಣ್ಣೆಯ 5% ಜೆಲ್ ಹಚ್ಚಿದಾಗ ಮೊಡವೆ ಕಡಿಮೆಯಾದದ್ದು ಪರೀಕ್ಷೆಯಲ್ಲಿ ಕಂಡಿದೆ ನಿಜ, ಆದರೆ ಅದು ಚರ್ಮದ ಮೇಲೆ ಉಳಿಯುವ ಜೆಲ್, ತೊಳೆದು ಹೋಗುವ ಸೋಪಲ್ಲ. ಸ್ಯಾಲಿಸಿಲಿಕ್ ಆಮ್ಲ ತಂದು ಸೋಪಿಗೆ ಹಾಕುವವರಿಗೂ ಇದೇ ಉತ್ತರ. ಕಾಸ್ಟಿಕ್ ತಾಗಿದ ಕೂಡಲೇ ಅದು ಆಮ್ಲವಾಗಿ ಉಳಿಯುವುದಿಲ್ಲ.

ಮೊಡವೆಗೆ ನಿಜವಾಗಿ ಕೆಲಸ ಮಾಡುವುದು ಹಚ್ಚಿ ಬಿಡುವ ಔಷಧಿ. 2.5% ಬೆಂಜಾಯಿಲ್ ಪೆರಾಕ್ಸೈಡ್, 0.1% ಅಡಾಪಲಿನ್ ಇಂಥವು. ಯಾವುದು, ಎಷ್ಟು ಅಂತ ಚರ್ಮದ ಡಾಕ್ಟರು ಹೇಳಲಿ. ಎರಡು ವರ್ಷದಿಂದ ಇದೆ ಅಂದಿದ್ದೀರಿ, ಒಮ್ಮೆ ತೋರಿಸುವುದು ಒಳ್ಳೆಯದು. ಗಂಟು ಕಟ್ಟಿ ನೋಯುತ್ತಿದ್ದರೆ, ಗುಳಿ ಬೀಳುತ್ತಿದ್ದರೆ, ಮುಟ್ಟು ಏರುಪೇರಾಗಿ ಗಲ್ಲದ ಮೇಲೆ ಕೂದಲೂ ಬರುತ್ತಿದ್ದರೆ ಇನ್ನು ತಡ ಮಾಡಬೇಡಿ. ಹಣೆಯಲ್ಲಿ ಒಂದೇ ಗಾತ್ರದ ಸಣ್ಣ ಗುಳ್ಳೆ ತುಂಬಿ ತುರಿಸುತ್ತಿದ್ದರೆ ಅದು ಮೊಡವೆಯೇ ಅಲ್ಲದಿರಬಹುದು. ನಮ್ಮ ಸೆಕೆ, ಬೆವರಿಗೆ ಶಿಲೀಂಧ್ರದಿಂದಲೂ ಹಾಗಾಗುತ್ತದೆ, ಅದಕ್ಕೆ ಔಷಧಿಯೇ ಬೇರೆ. ಯಾರೋ ಹೇಳಿದರು ಅಂತ ಬೆಳ್ಳಗಾಗುವ ಕ್ರೀಮ್ ಹಚ್ಚಿಸಬೇಡಿ. ಹಲವು ಕ್ರೀಮ್‌ಗಳಲ್ಲಿ ಸ್ಟಿರಾಯ್ಡ್ ಇರುತ್ತದೆ, ಮೊದಲು ಹೊಳಪು, ಆಮೇಲೆ ಚರ್ಮ ತೆಳು ಮತ್ತು ಮೊಡವೆ ಡಬಲ್.

ಕಪ್ಪು ಕಲೆಗೆ ಸೋಪಿಗಿಂತ ಸನ್‌ಸ್ಕ್ರೀನ್ ಮುಖ್ಯ. ಎಸ್‌ಪಿಎಫ್ 30 ಅಥವಾ ಮೇಲೆ, ಬೆಳಿಗ್ಗೆ ಹಚ್ಚಿ, ಹೊರಗೇ ಇದ್ದರೆ ಮಧ್ಯಾಹ್ನ ಮತ್ತೊಮ್ಮೆ. ಬಿಸಿಲು ಬಿದ್ದಷ್ಟೂ ಕಲೆ ಗಾಢವಾಗುತ್ತದೆ, ಬಸ್ ಸ್ಟಾಪಿನಲ್ಲಿ ನಿಲ್ಲುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಗುಳ್ಳೆ ಚಿವುಟುವುದನ್ನು ಬಿಡಿಸಿ. ಇನ್ನು ತಲೆಗೆ ಹಚ್ಚುವ ಎಣ್ಣೆ. ದಿನಾ ತೆಂಗಿನೆಣ್ಣೆ ಮೆತ್ತಿಕೊಂಡು ಜಡೆ ಹಾಕಿದರೆ ಸೆಕೆಗೆ ಅದು ಹಣೆಗೆ, ಕೆನ್ನೆಯಂಚಿಗೆ ಇಳಿಯುತ್ತದೆ. ಅಲ್ಲೇ ಮೊಡವೆ ಜಾಸ್ತಿ ಇದೆಯಾ ನೋಡಿ. ಇದ್ದರೆ ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ ತೊಳೆದುಬಿಡಲಿ, ದಿಂಬಿನ ಚೀಲ ಆಗಾಗ ಬದಲಿಸಲಿ.

ಹೊಸ ಸೋಪನ್ನು ಮೊದಲು ಮೊಣಕೈ ಒಳಮಗ್ಗುಲಿಗೆ ಮೂರ್ನಾಲ್ಕು ದಿನ ಹಾಕಿ ನೋಡಿ. ಕೆಂಪಾಗದಿದ್ದರೆ ಮುಖಕ್ಕೆ. ಬಿಲ್ಲೆಯನ್ನು ನೇರ ಮುಖಕ್ಕೆ ತಿಕ್ಕುವುದು ಬೇಡ, ಅಂಗೈಯಲ್ಲಿ ನೊರೆ ಮಾಡಿ ಹಚ್ಚಿ, ಅರ್ಧ ನಿಮಿಷದಲ್ಲಿ ತೊಳೆಯಲಿ. ದಿನಕ್ಕೆ ಎರಡು ಸಲ ಸಾಕು. ಬಚ್ಚಲ ಹಂಡೆಯ ಕುದಿ ನೀರು ಬೇಡ, ಉಗುರು ಬೆಚ್ಚಗಿನದು ಇರಲಿ. ಒರೆಸಿದ ಮೇಲೂ ಬಿಗಿಯುತ್ತದೆ ಅಂದರೆ ಮುಂದಿನ ಸಲ ತೆಂಗಿನೆಣ್ಣೆ 100 ಗ್ರಾಂಗೆ ಇಳಿಸಿ, ಆಲಿವ್ 275 ಮಾಡಿ. ಆಗ ಕಾಸ್ಟಿಕ್ 67 ಗ್ರಾಂ. ನೊರೆ ಕಡಿಮೆ ಬರುತ್ತದೆ, ಬರಲಿ.

ಮಾರುವ ವಿಷಯ. ಮನೆಯಲ್ಲಿ ಮಾಡಿ ಬಳಸಲು ಯಾರ ಪರವಾನಗಿಯೂ ಬೇಡ. ಮಾರಲು ಮಾಡುವುದಾದರೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ರಾಜ್ಯದ ಔಷಧ ನಿಯಂತ್ರಣ ಇಲಾಖೆಯಿಂದ ತಯಾರಿಕೆಯ ಲೈಸೆನ್ಸ್ ಬೇಕು. ಸ್ವಸಹಾಯ ಸಂಘದ ಮಳಿಗೆಯಲ್ಲಿ ನಾಲ್ಕು ಬಿಲ್ಲೆ ಇಟ್ಟರೂ ಅದು ಮಾರಾಟವೇ. ಚೀಟಿ ಮೇಲೆ 'ಮೊಡವೆ ವಾಸಿಯಾಗುತ್ತದೆ' ಅಂತ ಬರೆದರೆ ಔಷಧಿಯ ಕಾನೂನಿಗೂ ಸಿಕ್ಕಿಹಾಕಿಕೊಳ್ಳುತ್ತೀರಿ. ಒಂದು ವರ್ಷ ಮನೆಯವರಿಗೆ, ನೆಂಟರಿಗೆ ಸುಮ್ನೆ ಕೊಡಿ. ಕೊಡುವಾಗ ಯಾವ ಯಾವ ಎಣ್ಣೆ ಇದೆ, ಯಾವ ತಿಂಗಳು ಮಾಡಿದ್ದು ಅಂತ ಒಂದು ಚೀಟಿ ಜೊತೆಗಿರಲಿ. ಮಳೆಗಾಲ ದಾಟಿದ ಮೇಲೂ ಅದು ಕಮಟದೆ ಉಳಿದರೆ ಲೈಸೆನ್ಸಿನ ಅರ್ಜಿ ಬಗ್ಗೆ ಯೋಚಿಸಿ.